ಮೇಷ್ಟ್ರ ಫೆರಾರಿ

ಸ್ಪೋರ್ಟ್ಸ್ ಕಾರು ಎಂದರೇನು ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಒಮ್ಮತವಿಲ್ಲ. ಹೆಂಡತಿಯ ಪ್ರಕಾರ ಅಕ್ಕಿ ಮೂಟೆ, ಗ್ಯಾಸ್ ಸಿಲಿಂಡರು ಮತ್ತು ಅವಳ ತಂಗಿ, ಈ ಮೂರರಲ್ಲಿ ಒಂದನ್ನೂ ನೆಮ್ಮದಿಯಾಗಿ ಸಾಗಿಸಲಾರದ ವಾಹನವೇ ಸ್ಪೋರ್ಟ್ಸ್ ಕಾರು. ಮಗನ ಪ್ರಕಾರ ಅದಕ್ಕೆ ಎರಡೇ ಬಾಗಿಲಿರಬೇಕು, ಮೇಲಿನ ಟಾಪು ತೆರೆಯಬೇಕು, ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಮುಟ್ಟಬೇಕು. ಎಂಬತ್ತು ದಾಟಿದ ನಮ್ಮಮ್ಮನಿಗೆ ಬಣ್ಣ ಕೆಂಪಗಿದ್ದರೆ ಸಾಕು. ನನ್ನ ವ್ಯಾಖ್ಯೆ ಸ್ವಲ್ಪ ಉದ್ದ: ಆಸೆಯಿದ್ದ ವಯಸ್ಸಿನಲ್ಲಿ ಕೊಳ್ಳಲು ದುಡ್ಡಿರದ, ದುಡ್ಡು ಬಂದ ವಯಸ್ಸಿನಲ್ಲಿ ಸ್ಪೇರು ಸಿಗದ ಕಾರು ಯಾವುದೋ, ಅದೇ ಸ್ಪೋರ್ಟ್ಸ್ ಕಾರು.

ಈ ವ್ಯಾಖ್ಯೆಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊಂದುವ 2003ರ ಕೆಂಪು ಫಿಯೆಟ್ ಪಾಲಿಯೋ 1.6 ಒಂದು ಚಿಕ್ಕಮಗಳೂರಿನ ನಮ್ಮ ಮನೆಯೆದುರು ನಿಂತಿದೆ. ಅದು ಓಡುವುದೂ ಉಂಟು. ಆದರೆ ನೀವು ಯಾವ ದಿನ ಬಂದರೂ ಕಾಣಸಿಗುವುದು ನಿಂತಿರುವುದೇ ಆದ್ದರಿಂದ ಹಾಗೆ ಹೇಳಿದೆ.

ನಾಲ್ಕು ಬಾಗಿಲಿನ ಸಣ್ಣ ಕಾರಿಗೆ ಸ್ಪೋರ್ಟ್ಸ್ ಕಾರಿನ ಪಟ್ಟ ಕಟ್ಟುವುದು ಅತಿಯಾಯಿತು ಎನ್ನುವವರು ಆ ಕಾಲವನ್ನು ಸ್ವಲ್ಪ ನೆನಪಿಸಿಕೊಳ್ಳಬೇಕು. ಪಾಲಿಯೋ ನಮ್ಮ ದೇಶಕ್ಕೆ ಬಂದದ್ದು 2001ರಲ್ಲಿ. ಆಗ ಊರೂರಿಗೂ ಮಾರುತಿ 800ರದೇ ರಾಜ್ಯಭಾರ. ಅದರ ಎಂಜಿನ್ನಿಗಿದ್ದದ್ದು ನಲವತ್ತಕ್ಕೂ ಕಡಿಮೆ ಅಶ್ವಶಕ್ತಿ. ಅಷ್ಟರಲ್ಲೇ ಇಡೀ ಸಂಸಾರ ಧರ್ಮಸ್ಥಳಕ್ಕೆ ಹೋಗಿ ಬರುತ್ತಿತ್ತು. ಅಂಥ ದಿನಗಳಲ್ಲಿ ಪುಟ್ಟ ಗಾಡಿಯೊಂದರೊಳಗೆ ಹದಿನಾರು ವಾಲ್ವಿನ, ನೂರು ಅಶ್ವಶಕ್ತಿಯ 1.6 ಲೀಟರ್ ಎಂಜಿನ್ನು ಕೂರಿಸಿ ಇಟಲಿಯವರು ಮಾರಾಟಕ್ಕಿಟ್ಟರು. ಅದರ ರೂಪ ತಿದ್ದಿದ್ದು ಜೊರ್ಜೆತ್ತೊ ಜುಜಾರೊ. ಮೊದಲ ಫೋಕ್ಸ್‌ವ್ಯಾಗನ್ ಗಾಲ್ಫು, ಲೋಟಸ್ ಎಸ್ಪ್ರಿ, ಡೆಲೋರಿಯನ್ನು ಎಲ್ಲವೂ ಅವರ ಕೈಯಿಂದಲೇ ಬಂದವು. 1999ರಲ್ಲಿ ಅವರಿಗೆ ಶತಮಾನದ ಕಾರು ವಿನ್ಯಾಸಕ ಎಂಬ ಗೌರವವೂ ಸಂದಿತು. ನಮ್ಮ ಮನೆಯ ಸಾಮಾನುಗಳಲ್ಲಿ ಜಗತ್ಪ್ರಸಿದ್ಧ ಕಲಾವಿದರ ಕೈ ಸೋಕಿದ್ದು ಇದೊಂದೇ ಎಂದು ಹೆಂಡತಿಗೆ ವಿವರಿಸಿ ಹೇಳಿದೆ.

“ಡಿಕ್ಕಿ ಬೀಗ ಹಾಕ್ಕೊಳ್ಳಲ್ವಲ್ರೀ, ಅದನ್ನೂ ಅವರೇ ನೋಡ್ತಾರಾ?” ಅಂದಳು.

ಇನ್ನು ಕಾರಿನ ಹೆಸರಿನ ವಿಷಯ. ಪಾಲಿಯೋ ಅನ್ನುವುದು ಇಟಲಿಯ ಸಿಯೆನಾ ಪಟ್ಟಣದಲ್ಲಿ ಪ್ರತಿವರ್ಷ ಜುಲೈ 2 ಮತ್ತು ಆಗಸ್ಟ್ 16ರಂದು ನಡೆಯುವ ಕುದುರೆ ಪಂದ್ಯ. ಊರ ನಡುವಿನ ಚೌಕದಲ್ಲೇ ಮೂರು ಸುತ್ತು, ಜೀನಿಲ್ಲದ ಸವಾರಿ. ಸವಾರ ನಡುದಾರಿಯಲ್ಲಿ ಬಿದ್ದುಹೋದರೂ ಕುದುರೆಯೊಂದೇ ಓಡಿ ಮೊದಲು ಬಂದರೆ ಆ ಕೇರಿಯವರಿಗೆ ಗೆಲುವು. ಈ ನಿಯಮ ನನಗೆ ಮುಂದೆ ಬಹಳ ಸಮಾಧಾನ ಕೊಟ್ಟಿದೆ. ಅದು ಹೇಗೆಂದು ಆಮೇಲೆ ಹೇಳುತ್ತೇನೆ.

ಪಾಲಿಯೋ ಕಾರಿನ ಜಾಹೀರಾತಿಗೆ ಸಚಿನ್ ತೆಂಡೂಲ್ಕರ್ ಬಂದರು. ಅವರ ಹೆಸರಿನ ನೆರಳಲ್ಲಿ ಎಸ್10 ಎಂಬ ವಿಶೇಷ ಆವೃತ್ತಿಯೂ ಬಂತು. 2002ರಲ್ಲಿ ಸಚಿನ್ 29ನೇ ಟೆಸ್ಟ್ ಶತಕ ಹೊಡೆದು ಬ್ರಾಡ್ಮನ್ನರ ಲೆಕ್ಕ ಸರಿಗಟ್ಟಿದಾಗ ಫಿಯೆಟ್ಟಿನವರು ತಮ್ಮದೇ ಬಳಗದ ಫೆರಾರಿ 360 ಮೊಡೆನಾ ಉಡುಗೊರೆಯಾಗಿ ಕೊಟ್ಟರು. ಬೀಗದಕೈ ಒಪ್ಪಿಸಲು ಮೈಕೆಲ್ ಶುಮಾಕರ್ ಬಂದಿದ್ದರು. ಆಮೇಲೆ ಶುರುವಾಯಿತು ನೋಡಿ. ಒಂದು ಕೋಟಿಗೂ ಮಿಕ್ಕಿದ ಆಮದು ಸುಂಕವನ್ನು ಯಾರು ಕಟ್ಟಬೇಕು ಎಂದು ಪತ್ರಿಕೆಗಳಲ್ಲಿ ಗದ್ದಲ, ವಿನಾಯಿತಿ ಕೊಟ್ಟದ್ದು ಸರಿಯೇ ಎಂದು ಕೋರ್ಟಿನಲ್ಲಿ ಪ್ರಶ್ನೆ, ಕೊನೆಗೆ ಕಂಪನಿಯೇ ಕಟ್ಟುವುದೆಂದು ತೀರ್ಮಾನ. ಕ್ರಿಕೆಟ್ ದೇವರಿಗೂ ಸ್ಪೋರ್ಟ್ಸ್ ಕಾರಿನ ಜೊತೆಗೆ ಕಾಗದಪತ್ರದ ಕಾಟ ಬಂದೇ ಬಂತು ಅಂದಮೇಲೆ ಆರ್‌ಟಿಓ ಕಚೇರಿಯ ಬೆಂಚಿನ ಮೇಲೆ ಕಾಯುವ ನನ್ನಂಥ ಗಣಿತದ ಮೇಷ್ಟ್ರಿಗೆ ಗೊಣಗುವ ಹಕ್ಕು ಎಲ್ಲಿಂದ ಬರಬೇಕು?

ಆ ಸುದ್ದಿಯನ್ನೆಲ್ಲ ನಾನು ಓದಿದ್ದು ಮೂಡಿಗೆರೆ ತಾಲ್ಲೂಕಿನ ಹೈಸ್ಕೂಲೊಂದರ ಸ್ಟಾಫ್ ರೂಮಿನಲ್ಲಿ. ಕೆಲಸ ಸಿಕ್ಕಿ ಬಹಳ ಕಾಲವಾಗಿರಲಿಲ್ಲ. ಪಾಲಿಯೋ 1.6ರ ಬೆಲೆ ಐದು ಲಕ್ಷದ ಆಸುಪಾಸು. ಕೈಗೆ ಬರುತ್ತಿದ್ದ ಸಂಬಳ ಎಂಟು ಸಾವಿರದೊಳಗೆ. ಊಟ, ಬಾಡಿಗೆ, ಮನೆಗೆ ಕಳಿಸುವ ದುಡ್ಡು ಎಲ್ಲ ನಿಲ್ಲಿಸಿ ಪೂರ್ತಿ ಕೂಡಿಟ್ಟರೂ ಐದು ವರ್ಷದ ಮೇಲೆ ಬೇಕೆಂದು ಪೇಪರಿನ ಅಂಚಿನಲ್ಲಿ ಲೆಕ್ಕ ಮಾಡಿದೆ. ಅಷ್ಟು ಕಾಲ ಊಟ ಬಿಟ್ಟಿರುವುದು ಸಾಧ್ಯವಿಲ್ಲವೆಂದು ಖಚಿತವಾದ ಮೇಲೆ ಕಂತಿನಲ್ಲಿ ಒಂದು ಬೈಕು ತೆಗೆದುಕೊಂಡೆ.

ಆ ವರ್ಷದ ಮಳೆಗಾಲದ ಒಂದು ಸಂಜೆ ಬೈಕು ಕೆಟ್ಟು, ಬಸ್ಸು ಬಾರದೆ, ಮೂಡಿಗೆರೆ ಹ್ಯಾಂಡ್‌ಪೋಸ್ಟಿನಲ್ಲಿ ಕೊಡೆ ಹಿಡಿದು ನಿಂತಿದ್ದೆ. ಮಲೆನಾಡಿನ ಜುಲೈ ಮಳೆಗೆ ಕೊಡೆ ಒಂದು ಔಪಚಾರಿಕತೆ ಅಷ್ಟೇ. ಕಾಫಿ ತೋಟದ ಸಾಹುಕಾರರೊಬ್ಬರ ಮಗ ಹೊಸ ಪಾಲಿಯೋ ನಿಲ್ಲಿಸಿ, “ಬನ್ನಿ ಮೇಷ್ಟ್ರೇ, ಚಿಕ್ಕಮಗಳೂರಿಗೆ ತಾನೆ?” ಅಂದ. ಒದ್ದೆ ಪಂಚೆಯಲ್ಲಿ ಆ ಸೀಟಿನ ಮೇಲೆ ಕೂರಲು ಸಂಕೋಚವಾಗಿ ಪೇಪರು ಹಾಸಿಕೊಂಡು ಕೂತೆ. ಬಾಗಿಲು ಹಾಕಿದ ಕೂಡಲೇ ಮಳೆಯ ಸದ್ದು ಅಡಗಿತು. ಆ ಬಾಗಿಲಿನ ತೂಕ ಈಗಲೂ ಕೈಯಲ್ಲಿದೆ. ಅಲ್ಲಿಯತನಕ ನಾನು ಮುಚ್ಚಿದ ಕಾರಿನ ಬಾಗಿಲುಗಳೆಲ್ಲ ತಗಡಿನವು. ಇದು ಬ್ಯಾಂಕಿನ ಲಾಕರು ಕೋಣೆಯದು.

ಅವನು ಜೋರಾಗೇನೂ ಓಡಿಸಲಿಲ್ಲ. ಏರಿನಲ್ಲಿ ಎದುರಿಗೊಂದು ಮರಳಿನ ಲಾರಿ ಸಿಕ್ಕಿತು. ಹಿಂದೆ ಹಿಂದೆ ಹೋಗುತ್ತಾ ದಾರಿ ಕಂಡ ಕೂಡಲೇ ಮೂರನೇ ಗೇರಿಗೆ ಇಳಿಸಿ ಕಾಲು ಒತ್ತಿದ. ಎಂಜಿನ್ನಿನ ದನಿ ಬದಲಾಯಿತು. ಅದು ಕಿರಿಚಾಟವಲ್ಲ, ಎದೆಯೊಳಗಿಂದ ಬಂದ ಹೂಂಕಾರ. ಬೆನ್ನು ಸೀಟಿಗೆ ಒತ್ತಿತು, ಲಾರಿ ಪಕ್ಕದಲ್ಲಿತ್ತು, ಮತ್ತೆ ನೋಡಿದರೆ ಇರಲಿಲ್ಲ. “ಪಿಕಪ್ಪು ಪರವಾಗಿಲ್ಲ ಅಲ್ವಾ ಮೇಷ್ಟ್ರೇ?” ಎಂದು ಕೇಳಿದ. ಎರಡನೇ ಪಿಯುಸಿ ಹುಡುಗರಿಗೆ ವೇಗೋತ್ಕರ್ಷದ ಲೆಕ್ಕ ಟ್ಯೂಷನ್ ಹೇಳುತ್ತಿದ್ದ ನನಗೆ ಅದು ಏನೆಂದು ಗೊತ್ತಾದದ್ದು ಅವತ್ತು.

ನಾನು ಕೊಂಡದ್ದು ಅದೇ ಕಾರೇ ಎಂದು ಆಸೆಯಿಂದ ಕೇಳುವವರಿದ್ದಾರೆ. ಅಲ್ಲ. ಹಾಗೆಲ್ಲ ಆಗುವುದು ಸಿನಿಮಾದಲ್ಲಿ. ಆ ಕಾರು ಕೇರಳಕ್ಕೆ ಹೋಯಿತಂತೆ, ಹುಡುಗ ಬೆಂಗಳೂರಿಗೆ.

ನನ್ನದು ಸಿಕ್ಕಿದ್ದು ಹಾಸನದ ಕಡೆಯ ಒಂದು ಮನೆಯ ಶೆಡ್ಡಿನಲ್ಲಿ. ಅಷ್ಟು ಹೊತ್ತಿಗೆ ಮನೆಯ ಕೆಲಸಕ್ಕೆ ಒಂದು ವ್ಯಾಗನ್ ಆರ್ ಬಂದಿತ್ತು, ಮಗ ಓದು ಮುಗಿಸಿದ್ದ, ನನಗೆ ಐವತ್ತು ದಾಟಿತ್ತು, ಚೀಟಿ ಎತ್ತಿದ ಒಂದು ಲಕ್ಷ ರೂಪಾಯಿ ಕೈಯಲ್ಲಿತ್ತು. ಆ ದುಡ್ಡಿಗೆ ಸೋಲಾರ್ ಹಾಕಿಸುವುದೆಂದು ಮನೆಯಲ್ಲಿ ಮಾತಾಗಿತ್ತು. ಈಗಲೂ ಚಳಿಗಾಲದ ಬೆಳಿಗ್ಗೆ ಹಂಡೆಗೆ ಸೌದೆ ಒಟ್ಟುವಾಗ ಹೆಂಡತಿ ಕಾರಿನ ಕಡೆ ಒಮ್ಮೆ ನೋಡುತ್ತಾಳೆ. ಏನೂ ಹೇಳುವುದಿಲ್ಲ.

ಹಳೆ ಕಾರು ಹುಡುಕಲು ಹೊರಟವನು ಮೊದಲು ಆ ವ್ಯಾಪಾರದ ಮಾತು ಕಲಿಯಬೇಕು. ಹಳೆ ಕಾರುಗಳೆಲ್ಲ ಡಾಕ್ಟರೇ ಓಡಿಸಿದಂಥವು. ನಮ್ಮ ರಾಜ್ಯದಲ್ಲಿ ಅಷ್ಟು ಡಾಕ್ಟರುಗಳಿದ್ದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಹೀಗೇಕಿರುತ್ತಿದ್ದವು? ‘ಒಂದ್ ರೂಪಾಯಿ ಕೆಲ್ಸ ಇಲ್ಲ’ ಅಂದರೆ ಒಂದು ರೂಪಾಯಿಯಲ್ಲಿ ಮುಗಿಯುವ ಕೆಲಸ ಯಾವುದೂ ಇಲ್ಲ. ‘ಎಸಿ ಇದೆ, ಗ್ಯಾಸ್ ತುಂಬಿಸ್ಕೊಂಡ್ರೆ ಆಯ್ತು’ ಅಂದರೆ ಎಸಿಯ ಗುಂಡಿ ಇದೆ. ‘ಸುಮ್ನೆ ನಿಂತಿತ್ತು, ಓಡೇ ಇಲ್ಲ’ ಎಂಬುದನ್ನು ಹೊಗಳಿಕೆಯೆಂದು ತಿಳಿಯುವವರು ಬಹಳ. ನಿಂತ ಕಾರಿನ ರಬ್ಬರು ಓಡಿದ ಕಾರಿನದಕ್ಕಿಂತ ಬೇಗ ಸಾಯುತ್ತದೆ.

ನಾನು ಒಬ್ಬನೇ ಹೋಗಲಿಲ್ಲ. ನಮ್ಮೂರ ಗ್ಯಾರೇಜಿನ ಭಾಯಿಯನ್ನು ಕರೆದುಕೊಂಡು ಹೋದೆ. ಅವರು ಕಾರಿನ ಬಣ್ಣ ನೋಡಲೇ ಇಲ್ಲ. ಮೊದಲು ಟಯರಿನ ಪಕ್ಕೆಯ ನಾಲ್ಕಂಕಿ ಓದಿದರು. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಆ ಟಯರುಗಳು ನನ್ನ ಮಗ ಪ್ರೈಮರಿ ಸ್ಕೂಲಿನಲ್ಲಿದ್ದಾಗ ಹುಟ್ಟಿದವು. ಆಮೇಲೆ ಆಯಿಲ್ ಮುಚ್ಚಳ ಬಿಚ್ಚಿ ಒಳಗೆ ಬಿಳಿ ನೊರೆ ಇದೆಯೇ ನೋಡಿದರು. ಇದ್ದರೆ ನೀರು ಆಯಿಲಿಗೆ ಸೇರುತ್ತಿದೆ ಎಂದರ್ಥ. ಕಾಲಡಿಯ ಮ್ಯಾಟೆತ್ತಿ ತುಕ್ಕು ತಟ್ಟಿದರು. ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ನೋಡಿದರು: ನೀಲಿಯಾದರೆ ಆಯಿಲ್ ಸುಡುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು ಕುಡಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಬರುತ್ತಿದ್ದರೆ ನಮಸ್ಕಾರ ಹೇಳಿ ವಾಪಸು ಬರಬೇಕು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗಿಟ್ಟು, ಹಿಡಿ ಕಿವಿಗಿಟ್ಟು ಬಹಳ ಹೊತ್ತು ಕೇಳಿಸಿಕೊಂಡರು. ಮಾಲೀಕರು ಕಾಫಿ ತಂದರು. ಭಾಯಿ ಕಿವಿ ತೆಗೆಯಲಿಲ್ಲ.

“ಎಂಜಿನ್ ದಿಲ್ ಚೆನ್ನಾಗಿದೆ ಸಾರ್. ಉಳಿದಿದ್ದೆಲ್ಲ ಹೋಗಿದೆ” ಅಂದರು ಕೊನೆಗೆ.

ಎಪ್ಪತ್ತು ಸಾವಿರಕ್ಕೆ ಮಾತಾಯಿತು. ಉಳಿದ ಮೂವತ್ತರಲ್ಲಿ ‘ಉಳಿದಿದ್ದೆಲ್ಲ’ ಸರಿಮಾಡಿಸುವುದೆಂದು ನೋಟುಬುಕ್ಕಿನಲ್ಲಿ ಬರೆದುಕೊಂಡೆ. ಮಕ್ಕಳಿಗೆ ಸಮೀಕರಣ ಕಲಿಸುವಾಗ ಗೊತ್ತಿಲ್ಲದ್ದಕ್ಕೆ ಎಕ್ಸ್ ಎಂದು ಹೆಸರಿಟ್ಟರೆ ಉತ್ತರ ತಾನಾಗಿ ಬರುತ್ತದೆ ಎನ್ನುತ್ತಿದ್ದೆ. ಹಳೆ ಕಾರಿನಲ್ಲಿ ಒಂದು ಎಕ್ಸ್ ಸಿಕ್ಕ ಕೂಡಲೇ ಅದರ ಹಿಂದೆ ವೈ ಕಾಣುತ್ತದೆ, ವೈ ಬಿಚ್ಚಿದರೆ ಝಡ್ಡಿನ ಬೋಲ್ಟು ಮುರಿಯುತ್ತದೆ.

ಟಯರುಗಳು ಅರ್ಧಕ್ಕಿಂತ ಹೆಚ್ಚು ನುಂಗಿದವು. ಉಳಿದದ್ದಕ್ಕೆ ಟೈಮಿಂಗ್ ಬೆಲ್ಟು ಕೈ ಚಾಚಿತು. ಕಾರು ಎಷ್ಟು ಓಡಿದೆ ಎಂಬುದು ಈ ಬೆಲ್ಟಿಗೆ ಒಂದು ಲೆಕ್ಕ, ಎಷ್ಟು ವರ್ಷವಾಗಿದೆ ಎಂಬುದು ಇನ್ನೊಂದು. ಇಂಥ ಎಂಜಿನ್ನುಗಳಲ್ಲಿ ಅದು ಹರಿದರೆ ಮೇಲಿನ ವಾಲ್ವು ಕೆಳಗಿನ ಪಿಸ್ಟನ್ನು ಒಂದಕ್ಕೊಂದು ಡಿಕ್ಕಿ ಹೊಡೆದು, ಭಾಯಿ ಕಿವಿಯಿಟ್ಟು ಕೇಳಿದ ದಿಲ್ಲೇ ನಿಂತುಹೋಗುತ್ತದೆ. ಬೆಲ್ಟು ಬದಲಿಸಲು ಬಿಚ್ಚಿದ ಮೇಲೆ ಟೆನ್ಷನರನ್ನೂ ವಾಟರ್ ಪಂಪನ್ನೂ ಹಾಗೇ ಬಿಡುವುದು ಜಾಣತನವಲ್ಲ. ಮುಂದಿನ ಲೋವರ್ ಆರ್ಮಿನ ಬುಷ್ಷು, ಎಂಜಿನ್ ಮೌಂಟು, ರೇಡಿಯೇಟರ್ ಹೋಸು, ಒಂದಾದ ಮೇಲೊಂದು ಸರದಿ ನಿಂತವು. ಎಲ್ಲವೂ ರಬ್ಬರು. ಕಬ್ಬಿಣ ಗಟ್ಟಿಯಾಗಿಯೇ ಇತ್ತು. ಇಪ್ಪತ್ತು ವರ್ಷ ದಾಟಿದ ರಬ್ಬರಿಗೆ ಯಾವ ದೇಶದಲ್ಲೂ ಯೌವನವಿರುವುದಿಲ್ಲ.

ಪೆಟ್ರೋಲ್ ಪೈಪಿನ ಕತೆಯೇ ಬೇರೆ. ಈಗ ಬಂಕುಗಳಲ್ಲಿ ಸಿಗುವುದು ನೂರಕ್ಕೆ 20 ಪಾಲು ಎಥನಾಲ್ ಬೆರೆಸಿದ ಪೆಟ್ರೋಲು. 2003ರಲ್ಲಿ ಇದರ ಪೈಪು ಹಾಕಿದವರು ಅದನ್ನು ಊಹಿಸಿರಲಿಲ್ಲ. ಎಥನಾಲಿಗೆ ಹಳೆಯ ರಬ್ಬರೆಂದರೆ ಆಗದು. ಇಟಲಿಯ ಕುದುರೆಗೆ ನಮ್ಮ ಕಬ್ಬು, ಮೆಕ್ಕೆಜೋಳದ ರಸ ಒಗ್ಗುವಂಥ ಪೈಪುಗಳನ್ನು ಭಾಯಿ ಹಾಕಿಕೊಟ್ಟರು. ಅಂದಿನಿಂದ ಕುಡಿತದ ವಿಷಯದಲ್ಲಿ ಅದು ಹಿಂದೆಮುಂದೆ ನೋಡಿಲ್ಲ. ಪೇಟೆಯೊಳಗೆ ಲೀಟರಿಗೆ ಒಂಬತ್ತು ಕಿಲೋಮೀಟರು. ಮೂರು ಸಲ ಸಿಗ್ನಲ್ಲು ಬಿದ್ದರೆ ಎಂಟು.

ಇನ್ಶೂರೆನ್ಸಿನವರ ಲೆಕ್ಕ ನೋಡಿ ಗಣಿತದವನಾಗಿ ನಾನು ತಲೆದೂಗಿದೆ. 2022ರಲ್ಲಿ ನಿಗದಿಯಾದ ದರದಂತೆ ಖಾಸಗಿ ಕಾರಿನ ಥರ್ಡ್ ಪಾರ್ಟಿ ವಿಮೆ 1,000ದಿಂದ 1,500 ಸಿಸಿಯವರೆಗೆ 3,416 ರೂಪಾಯಿ. 1,500 ದಾಟಿದರೆ 7,897. ನನ್ನ ಕಾರು ಆ ಗೆರೆಯನ್ನು ಕಾಲ್ಬೆರಳಿನಷ್ಟು ದಾಟಿದೆ. ಅದಕ್ಕೆ ವರ್ಷಕ್ಕೆ 4,481 ರೂಪಾಯಿ ದಂಡ, ಮೇಲೆ ಜಿಎಸ್‌ಟಿ. ಏರಿನಲ್ಲಿ ಲಾರಿ ಹಿಂದೆ ಹಾಕಿದ ಆ ಒಂದು ಹೂಂಕಾರದ ಬೆಲೆ ಎಂದುಕೊಂಡು ಕಟ್ಟುತ್ತೇನೆ. ಬೇರೆ ಹೇಗೆ ಕಟ್ಟುವುದು?

ಸ್ಪೇರಿಗಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಬೇಕು. ಕಾಲೇಜು ದಿನಗಳಲ್ಲಿ ಆ ರಸ್ತೆ ನನಗೆ ರವೀಂದ್ರ ಕಲಾಕ್ಷೇತ್ರದ್ದು. ನಾಟಕ ನೋಡಿ, ಮೆಟ್ಟಿಲ ಮೇಲೆ ಕೂತು, ಸಮಾಜ ಬದಲಿಸುವ ಬಗ್ಗೆ ಗೆಳೆಯರೊಂದಿಗೆ ವಾದ ಮಾಡಿ, ಕೊನೆ ಬಸ್ಸು ಹಿಡಿಯುತ್ತಿದ್ದೆ. ಅದೇ ರಸ್ತೆಯುದ್ದಕ್ಕೂ ಕಾರಿನ ಬಿಡಿಭಾಗದ ಅಂಗಡಿಗಳಿರುವುದು ಆಗ ಕಣ್ಣಿಗೆ ಬಿದ್ದಿರಲಿಲ್ಲ. ಈಗ ಕಲಾಕ್ಷೇತ್ರದಲ್ಲಿ ಯಾವ ನಾಟಕ ಅಂತಲೂ ನೋಡದೆ ಕೈಯಲ್ಲೊಂದು ಒಡೆದ ಪ್ಲಾಸ್ಟಿಕ್ ತುಂಡು ಹಿಡಿದು ಅಂಗಡಿಯಿಂದ ಅಂಗಡಿಗೆ ಅಲೆಯುತ್ತೇನೆ. ಸಮಾಜ ಬದಲಾಗದಿದ್ದರೂ ಪರವಾಗಿಲ್ಲ, ಥರ್ಮೋಸ್ಟಾಟ್ ಬದಲಾಗಬೇಕು.

ಆ ಅಂಗಡಿಯವರು ‘ಇಲ್ಲ’ ಎನ್ನುವುದಕ್ಕೂ ಒಂದು ಕ್ರಮವಿದೆ. ಪಾಲಿಯೋ ಅಂದ ಕೂಡಲೇ ಸಣ್ಣದೊಂದು ನಗೆ. ಆಮೇಲೆ “1.2 ಆ, 1.6 ಆ?” 1.6 ಅಂದರೆ ನಗೆ ಮಾಯವಾಗಿ ಮರುಕ ಬರುತ್ತದೆ. “ಕೂತ್ಕೊಳಿ ಸಾರ್” ಎಂದು ಸ್ಟೂಲು ಹಾಕಿ, ಒಳಗಿನ ಅಟ್ಟದ ಮೇಲೆ ಹುಡುಗನನ್ನು ಹತ್ತಿಸಿ, ನಾಲ್ಕು ಕಡೆ ಫೋನು ಹಚ್ಚುತ್ತಾರೆ. ಪೆಟ್ರಾದ್ದು ಆಗುತ್ತದೆಯೇ? ಸಿಯೆನಾದ್ದು? ಅಡ್ವೆಂಚರ್‌ದು? ಎಲ್ಲವೂ ಫಿಯೆಟ್ಟಿನ ಒಂದೇ ವಂಶದ ಕಾರುಗಳಾದ್ದರಿಂದ ಒಂದರದ್ದು ಇನ್ನೊಂದಕ್ಕೆ ಕೆಲವೊಮ್ಮೆ ಕೂರುತ್ತದೆ. ಗೋತ್ರ, ನಕ್ಷತ್ರ, ಗಣ ಎಲ್ಲ ನೋಡಿ ಜಾತಕ ಹೊಂದಿಸುವ ಪುರೋಹಿತರ ತಾಳ್ಮೆ ಅವರದು. ಎಲ್ಲ ಕೂಡಿಬಂದ ಮೇಲೆ ಒಂದು ಬೋಲ್ಟಿನ ತೂತು ಅರ್ಧ ಇಂಚು ಆಚೆಗಿದ್ದು ಸಂಬಂಧ ಮುರಿದದ್ದೂ ಉಂಟು. ಹೊಸ ಕಾರು ಕೊಂಡವನಿಗೆ ಈ ಮನುಷ್ಯರ ಪರಿಚಯವೇ ಆಗುವುದಿಲ್ಲ. ಅವನು ಎಸಿ ಕೋಣೆಯಲ್ಲಿ ಕಾಫಿ ಕುಡಿಯುತ್ತಾ ಬಿಲ್ಲು ಕಾಯುತ್ತಿರುತ್ತಾನೆ.

ಅಮ್ಮನಿಗೆ ಕಾರಿನ ಹೆಸರು ಇವತ್ತಿಗೂ ಬಾಯಿಗೆ ಹತ್ತಿಲ್ಲ. “ಆ ಪೋಲಿಯೋ ಇವತ್ತು ಎದ್ದಿದೆಯೇನೋ?” ಎಂದು ಕೇಳುತ್ತಾರೆ. ಅಂಗಳದಲ್ಲಿ ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎರಡು ಹನಿ ಆಯಿಲ್ ಬಿದ್ದಿರುವುದನ್ನು ನೋಡಿ, “ಎರಡು ಹನಿ ಹಾಕಿಸಿದರೆ ಪೋಲಿಯೋ ಬರಲ್ಲ ಅಂತಿದ್ರಲ್ಲ, ಇದು ತಾನೇ ಹಾಕ್ತಿದೆ” ಅಂದರು. ಎಂಬತ್ತರ ಮೇಲೂ ಈ ಚುರುಕು. ಅವರ ಗ್ಯಾಸ್ಕೆಟ್ಟು ಸೋರುವುದಿಲ್ಲ.

ಕಾರು ಎಲ್ಲಿಯೂ ಕೈಕೊಡುವುದಿಲ್ಲವೇ ಅಂದರೆ ಕೊಡುತ್ತದೆ, ಆದರೆ ಮರ್ಯಾದೆಯಿಂದ ಕೊಡುತ್ತದೆ. ಕಾಡಿನಲ್ಲಿ ಅಲ್ಲ, ನಮ್ಮ ಶಾಲೆಯ ಗೇಟಿನ ಮುಂದೆ, ಪ್ರಾರ್ಥನೆಯ ಹೊತ್ತಿಗೆ. ಹತ್ತನೇ ತರಗತಿಯ ಹುಡುಗರು ಒಂದು ಟನ್ನಿಗೂ ಮೇಲಿನ ಕಾರನ್ನು ತಳ್ಳುತ್ತಾ ನ್ಯೂಟನ್ನನ ಎರಡನೇ ನಿಯಮವನ್ನು ಮೈಯಲ್ಲೇ ಕಲಿತರು. ಪೆಟ್ರೋಲ್ ಪಂಪು ಪೂರ್ತಿ ಕಣ್ಣು ಮುಚ್ಚಿದ ದಿನ ಮಾತ್ರ ತಳ್ಳಿದರೆ ಆಗುವಂತಿರಲಿಲ್ಲ. ಗಾಡಿ ಹೊರುವ ಲಾರಿ ತರಿಸಿ, ಕಾರನ್ನು ಮೇಲೆ ಕಟ್ಟಿ ಗ್ಯಾರೇಜಿಗೆ ಕಳಿಸಿ, ನಾನು ಸಿಟಿ ಬಸ್ಸು ಹತ್ತಿದೆ. ಐ.ಜಿ. ರಸ್ತೆಯಲ್ಲಿ ಬಸ್ಸು ಜಾಮಿನಲ್ಲಿ ಸಿಕ್ಕಿತು. ಪಕ್ಕದಿಂದ ಎತ್ತರದ ಲಾರಿಯ ಮೇಲೆ ಕೆಂಪು ಪಾಲಿಯೋ ನನ್ನನ್ನು ಹಿಂದೆ ಹಾಕಿ ಮುಂದೆ ಹೋಯಿತು. ಸಿಯೆನಾದ ಪಂದ್ಯದ ನಿಯಮ ಆಗ ನೆನಪಾಯಿತು. ಸವಾರನಿಲ್ಲದೆ ಕುದುರೆ ಮೊದಲು ಮುಟ್ಟಿತ್ತು. ನಮ್ಮ ಕೇರಿ ಗೆದ್ದಿತ್ತು.

ಇಷ್ಟೆಲ್ಲ ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಅವರಿಗೆ ಭಾನುವಾರದ ಬೆಳಗು ತೋರಿಸಬೇಕು. ಇನ್ನೂ ಕತ್ತಲಿರುವಾಗ ಎದ್ದು, ಎಂಜಿನ್ನು ಬಿಸಿಯಾಗುವ ತನಕ ಅಂಗಳದಲ್ಲಿ ಕಾದು, ಮೂಡಿಗೆರೆ ಕಡೆಗೆ ಹೊರಡುತ್ತೇನೆ. ಆಲ್ದೂರು ದಾಟಿದ ಮೇಲೆ ಮಂಜು. ಕಾಫಿ ಹೂಬಿಟ್ಟ ದಿನಗಳಾದರೆ ಕಿಟಕಿ ಇಳಿಸಿಕೊಳ್ಳಬೇಕು, ಎಸಿ ಗುಂಡಿಯ ಚಿಂತೆಯೂ ತಪ್ಪುತ್ತದೆ. ಈ ಕಾರಿನ ಸ್ಟೀರಿಂಗು ವ್ಯಾಗನ್ ಆರಿನಷ್ಟು ಹಗುರಲ್ಲ. ರಸ್ತೆಯ ಒಂದೊಂದು ಕಲ್ಲಿನ ಸುದ್ದಿಯನ್ನೂ ಅಂಗೈಗೆ ತಂದು ಒಪ್ಪಿಸುತ್ತದೆ. ತಿರುವಿನಲ್ಲಿ ಹೆದರುವುದಿಲ್ಲ. ವೇಗ ಅಂಥದ್ದೇನಿಲ್ಲ. ಈಗಿನ ಮಧ್ಯಮ ವರ್ಗದ ಟರ್ಬೋ ಕಾರುಗಳೆಲ್ಲ ಇದನ್ನು ಏರಿನಲ್ಲಿ ಆಟದಂತೆ ಹಿಂದೆ ಹಾಕುತ್ತವೆ. ಒಮ್ಮೆ ಮಗುವೊಂದು ಹಿಂದಿನ ಗಾಜಿನಿಂದ ನನಗೆ ಟಾಟಾ ಮಾಡಿತು. ಆದರೆ ಹ್ಯಾಂಡ್‌ಪೋಸ್ಟಿನ ಹತ್ತಿರ ಏರು ಬಂದಾಗ, ಎದುರಿಗೆ ಲಾರಿ ಇರಲಿ ಇಲ್ಲದಿರಲಿ, ಮೂರನೇ ಗೇರಿಗೆ ಇಳಿಸಿ ಕಾಲು ಒತ್ತುತ್ತೇನೆ. ದನಿ ಬದಲಾಗುತ್ತದೆ. ಪಕ್ಕದ ಸೀಟಿನಲ್ಲಿ ಒದ್ದೆ ಪಂಚೆಯ ಹುಡುಗ ಮೇಷ್ಟ್ರೊಬ್ಬ ಪೇಪರು ಹಾಸಿಕೊಂಡು ಕೂತಿರುತ್ತಾನೆ. ಅವನಿಗೆ ಆಗ ಇದೆಲ್ಲ ಸಿಗಬೇಕಿತ್ತು, ಮಂಡಿ ಚೆನ್ನಾಗಿದ್ದಾಗ. ಈಗ ಕೊಟ್ಟಿಗೆಹಾರದಲ್ಲಿ ಇಳಿಯಲು ಬಾಗಿಲಿನ ಚೌಕಟ್ಟು ಹಿಡಿದು, ಒಂದು ಕಾಲು ಹೊರಗಿಟ್ಟು, ಸ್ವಲ್ಪ ಯೋಚಿಸಿ, ಇನ್ನೊಂದು ಕಾಲು ತೆಗೆಯುತ್ತೇನೆ. ಅಲ್ಲಿನ ನೀರುದೋಸೆ ತಿಂದು ವಾಪಸು. ಒಂದು ಸಲ ಹೆಂಡತಿಯೂ ಬಂದಿದ್ದಳು. ಹೋಗುವಾಗ ಬಾಗಿಲ ಹಿಡಿ ಬಿಗಿಯಾಗಿ ಹಿಡಿದುಕೊಂಡಿದ್ದಳು. ಬರುವಾಗ, “ಅದೇನೋ ಸೌಂಡ್ ಮಾಡಿದ್ರಲ್ಲ, ಇನ್ನೊಂದ್ಸಲ ಮಾಡಿ ನೋಡೋಣ” ಅಂದಳು. ಸೋಲಾರಿನ ಮಾತು ಆ ವಾರ ಬರಲಿಲ್ಲ.

ಇದರ ಆಯುಷ್ಯ ಇನ್ನೆಷ್ಟು ಎಂಬುದು ಭಾಯಿಯ ಕೈಯಲ್ಲಷ್ಟೇ ಇಲ್ಲ. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ಮೊದಲು ಅದಕ್ಕೆ 600 ರೂಪಾಯಿಯಿತ್ತು. 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಹೊಗೆಯುಗುಳುವ ಹಳೆ ಗಾಡಿಗಳು ಹೋಗಲಿ ಎಂಬ ಉದ್ದೇಶಕ್ಕೆ ನನ್ನ ತಕರಾರಿಲ್ಲ, ನನ್ನದು ಹೊಗೆ ಪರೀಕ್ಷೆಯಲ್ಲಿ ಪಾಸಾಗುತ್ತದೆ. ಆದರೆ ವಾರಕ್ಕೊಮ್ಮೆ ದೋಸೆಗೆ ಹೋಗಿಬರುವ ಮುದಿ ಕುದುರೆಗೂ ದಿನವಿಡೀ ದುಡಿಯುವ ಗಾಡಿಗೂ ಒಂದೇ ತಕ್ಕಡಿ ಹಿಡಿಯುವುದು ನನಗೆ ಸರಿಕಾಣದು. ಫಿಯೆಟ್ಟಿನವರು ಈ ದೇಶದಲ್ಲಿ ತಮ್ಮ ಹೆಸರಿನ ಕಾರು ಮಾರುವುದನ್ನೇ ನಿಲ್ಲಿಸಿ ವರ್ಷಗಳಾದವು. ಇದ್ದಬದ್ದ ಪಾಲಿಯೋಗಳು ಒಂದೊಂದೇ ಗುಜರಿಗೆ ಹೋಗುತ್ತಿವೆ. ಒಂದು ಹೋದರೆ ಇನ್ನೆರಡು ಬದುಕುತ್ತವೆ ಎಂಬುದು ಜೆ.ಸಿ. ರಸ್ತೆಯವರ ತತ್ವ.

ಹಳೆ ಸ್ಪೋರ್ಟ್ಸ್ ಕಾರು ಕೊಳ್ಳುವ ಯೋಚನೆಯಿದ್ದವರಿಗೆ ನನ್ನ ನೋಟುಬುಕ್ಕಿನಿಂದ ಇಷ್ಟು ಹೇಳಬಲ್ಲೆ: ಕಾರಿಗೆ ಎಷ್ಟು ಕೊಡುತ್ತೀರೋ ಅಷ್ಟನ್ನೇ ಮೊದಲ ವರ್ಷದ ರಿಪೇರಿಗೆ ಪಕ್ಕಕ್ಕಿಡಿ. ಓಡಾಟಕ್ಕೆ ಇನ್ನೊಂದು ಗಾಡಿ ಇರಲಿ. ಕಾರಿಗಿಂತ ಮೊದಲು ಮೆಕ್ಯಾನಿಕ್ಕನ್ನು ಹುಡುಕಿ.

ಇನ್ನು ನನ್ನ ಸ್ವಂತ ಕೆಲಸ. ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಸ್ಟ್ರೈಟ್ ಡ್ರೈವ್ ಹೊಡೆದ. ಹೊಡೆತ ನಿಜಕ್ಕೂ ಚೆನ್ನಾಗಿತ್ತು. ಸಚಿನ್ನರ ಜಾಹೀರಾತಿನ ಕಾರೆಂದು ಚೆಂಡಿಗೆ ಗೊತ್ತಿರಲಿಲ್ಲ. ಹಿಂದಿನ ಎಡಗಡೆಯ ಟೇಲ್ ಲ್ಯಾಂಪು ಒಡೆಯಿತು. ಜೆ.ಸಿ. ರಸ್ತೆಯಲ್ಲಿ ಸಿಕ್ಕಿಲ್ಲ. ಪೆಟ್ರಾದ್ದು ಕೂರುವುದಿಲ್ಲ, ನೋಡಿಯಾಗಿದೆ. ಸದ್ಯಕ್ಕೆ ಕೆಂಪು ಟೇಪಿನಲ್ಲಿ ನಡೆಯುತ್ತಿದೆ, ಆದರೆ ಮುಂದಿನ ತಪಾಸಣೆಗೆ ಟೇಪು ನಡೆಯುವುದಿಲ್ಲ. ಆದ್ದರಿಂದ ಓದುಗರಲ್ಲಿ ವಿನಂತಿ: ನಿಮ್ಮೂರಿನ ಗ್ಯಾರೇಜಿನ ಹಿಂದೆ, ಹುಣಸೆ ಮರದಡಿ, ಯಾರದೋ ಹಿತ್ತಲಲ್ಲಿ ಒಂದು ಪಾಲಿಯೋ ಬಳ್ಳಿ ಹಬ್ಬಿಸಿಕೊಂಡು ನಿಂತಿದ್ದರೆ ದಯವಿಟ್ಟು ಅದರ ಹಿಂಬದಿಯ ಎಡಗಡೆ ಒಮ್ಮೆ ನೋಡಿ. ದೀಪ ನೆಟ್ಟಗಿದ್ದರೆ ಚಿಕ್ಕಮಗಳೂರಿಗೆ ಸುದ್ದಿ ಮುಟ್ಟಿಸಿ. ಎಷ್ಟು ದೂರವಾದರೂ ಬರುತ್ತೇನೆ, ವ್ಯಾಗನ್ ಆರ್‌ನಲ್ಲಿ.